ಟರ್ಮಿನಲ್‌ನಲ್ಲಿ ಡ್ಯಾಂ ಮಟ್ಟ: ಮೊದಲು ಅಳತೆ, ಆಮೇಲೆ ಬಣ್ಣ

ಬಾಗಲಕೋಟೆ ನವನಗರದಲ್ಲಿ ನಮ್ಮದೊಂದು ಡಿಟಿಪಿ ಅಂಗಡಿ. ಅಲ್ಲಿನ ಹಳೇ ಕಂಪ್ಯೂಟರ್‌ನಲ್ಲಿ ಬ್ರೌಸರ್ ತೆರೆಯಬೇಕಂದ್ರೆ ಹೊರಗೆ ಹೋಗಿ ಚಹಾ ಕುಡಿದು ಬರಬಹುದು. ಆದರೆ ಲಿನಕ್ಸ್ ಹಾಕಿದ ಮೇಲೆ ಟರ್ಮಿನಲ್, ಅಂದರೆ ಬರೀ ಅಕ್ಷರಗಳಲ್ಲೇ ಕೆಲಸ ಮಾಡುವ ಕಿಟಕಿ, ಮಾತ್ರ ಚಕಚಕ ಓಡುತ್ತದೆ. ನವನಗರ ಎದ್ದಿದ್ದೇ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಡೆಯಾದವರಿಗಾಗಿ. ಹಾಗಾಗಿ ಮಳೆಗಾಲ ಶುರುವಾದರೆ ಝೆರಾಕ್ಸ್‌ಗೆ ಬಂದವರೂ ಮೊದಲು ಕೇಳುವುದು, "ಡ್ಯಾಂ ಎಷ್ಟ್ ತುಂಬೇತ್ರಿ?" ಇದಕ್ಕೊಂದು ಚಿಕ್ಕ ಪ್ರೋಗ್ರಾಂ ಬರೆದು, ಆ ಹಳೇ ಪರದೆಯನ್ನು ಗಿರಾಕಿಗಳ ಕಡೆ ತಿರುಗಿಸಿ ಇಟ್ಟಿದ್ದೇನೆ. ಅದನ್ನು ಕಟ್ಟಿದ ಬಗೆ ಇಲ್ಲಿದೆ.

ಮೊದಲಿಗೆ ಹಾಕಿದ್ದು ನಾಲ್ಕು ಜಲಾಶಯ. ಆಲಮಟ್ಟಿ 123.08 ಟಿಎಂಸಿ, ನಾರಾಯಣಪುರ 33.31, ಘಟಪ್ರಭಾ ಹೊಳೆಯ ಹಿಡಕಲ್ 51, ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿರುವ ಮಲಪ್ರಭಾ 37.73. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು. ದಿನಾ ಬೆಳಿಗ್ಗೆ ಬುಲೆಟಿನ್ ನೋಡಿ ಅಂಕಿಗಳನ್ನು ನಾನೇ ಒಂದು ಟೆಕ್ಸ್ಟ್ ಫೈಲ್‌ಗೆ ಹಾಕುತ್ತೇನೆ. ಒಂದು ಸಾಲು ಹೀಗಿರುತ್ತದೆ:

ಆಲಮಟ್ಟಿ,123.08,96.00,94.20,ತುಂಬಿದರೆ,90

ಹೆಸರು, ಪೂರ್ತಿ ಸಾಮರ್ಥ್ಯ, ಇವತ್ತಿನ ನೀರು, ನಿನ್ನೆಯ ನೀರು. ಕೊನೆಯ ಎರಡು ಬಣ್ಣಕ್ಕೆ ಸಂಬಂಧಪಟ್ಟವು, ಅವುಗಳ ಮಾತು ಮುಂದೆ ಬರುತ್ತದೆ. ಸಾಮರ್ಥ್ಯ ಬಿಟ್ಟರೆ ಇಲ್ಲಿ ಕಾಣುವ ನೀರಿನ ಅಂಕಿಗಳೆಲ್ಲ ಪರೀಕ್ಷೆಗೆಂದು ಸುಮ್ನೆ ಹಾಕಿದವು. ಯಾರೂ ಅವನ್ನು ನಂಬಿ ಹೊಳೆದಂಡೆಯ ಮೋಟರ್ ಎತ್ತಬೇಡಿ.

ಪ್ರೋಗ್ರಾಂ ಪೈಥಾನ್ ಭಾಷೆಯಲ್ಲಿದೆ. ರಿಚ್ ಅನ್ನುವ ಲೈಬ್ರರಿ ಹಾಕಿದರೆ ಟೇಬಲ್, ಬಣ್ಣ ಎಲ್ಲವೂ ಸಿದ್ಧವಾಗಿಯೇ ಸಿಗುತ್ತದೆ. ಅವಸರ ಇದ್ದವರು ಅದನ್ನೇ ಬಳಸಿ, ಚೆನ್ನಾಗಿದೆ. ನನಗೆ ಒಳಗೆ ಏನು ನಡೆಯುತ್ತದೆ ಅಂತ ನೋಡಬೇಕಿತ್ತು. ಅಲ್ಲದೆ ಬೇಕಾಗಿದ್ದು ನಾಲ್ಕೇ ಸಾಲು.

ಟರ್ಮಿನಲ್‌ಗೆ ಬಣ್ಣ ಹೇಳುವ ಬಗೆ ತುಂಬಾ ಹಳೆಯದು. ಅಕ್ಷರಗಳ ಜೊತೆಗೇ, ಅದೇ ದಾರಿಯಲ್ಲಿ, ಅಪ್ಪಣೆಯೂ ಹೋಗುತ್ತದೆ. ಮೊದಲು ಎಸ್ಕೇಪ್ ಅಕ್ಷರ. ಅದರ ನಂಬರ್ 27, ಪೈಥಾನ್‌ನಲ್ಲಿ \033 ಅಂತ ಬರೆಯಬಹುದು. ಅದಾದ ಮೇಲೆ ಒಂದು [ ಗುರುತು, ಆಮೇಲೆ ಒಂದು ಅಂಕಿ, ಕೊನೆಗೆ ಇಂಗ್ಲಿಷಿನ ಚಿಕ್ಕ ಎಂ. ಅಂಕಿ 31 ಆದರೆ ಕೆಂಪು, 32 ಹಸಿರು, 33 ಹಳದಿ, 34 ನೀಲಿ. 30ರಿಂದ 37 ಅಕ್ಷರದ ಬಣ್ಣ, 40ರಿಂದ 47 ಹಿನ್ನೆಲೆಯ ಬಣ್ಣ. 1 ದಪ್ಪ, 4 ಅಡಿಗೆರೆ, 7 ಉಲ್ಟಾ (ಅಕ್ಷರದ, ಹಿನ್ನೆಲೆಯ ಬಣ್ಣ ಅದಲುಬದಲು), 0 ಅಂದರೆ ಎಲ್ಲ ರದ್ದು. ಇದರ ನಿಯಮ ಇಸಿಎಂಎ-48 ಅನ್ನುವ ಹೆಸರಿನಲ್ಲಿ 1976ರಲ್ಲೇ ಬಂತು. 1978ರಲ್ಲಿ ಡಿಇಸಿ ಕಂಪನಿ ತಂದ ವಿಟಿ100 ಟರ್ಮಿನಲ್‌ನಿಂದ ಅದು ಎಲ್ಲ ಕಡೆ ಹಬ್ಬಿತು. ತಮಾಷೆ ಅಂದರೆ ಆ ವಿಟಿ100ಕ್ಕೆ ಬಣ್ಣವೇ ಇರಲಿಲ್ಲ. ದಪ್ಪ, ಅಡಿಗೆರೆ, ಮಿನುಗು, ಉಲ್ಟಾ, ಅಷ್ಟೇ. ಇವತ್ತಿಗೂ ನಮ್ಮ ಟರ್ಮಿನಲ್ ಪ್ರೋಗ್ರಾಂಗಳು ಅದೇ ಭಾಷೆ ಮಾತಾಡುತ್ತವೆ.

ಕೆಂಪು ಹಚ್ಚುವುದು ಹೀಗೆ ಒಂದೇ ಸಾಲಿನ ಕೆಲಸ. ಕೆಲಸ ಇರುವುದು ಅಂಕಣಗಳನ್ನು ನೇರ ನಿಲ್ಲಿಸುವುದರಲ್ಲಿ.

"78%" ಅನ್ನುವುದನ್ನು ಆರು ಮನೆ (ಮನೆ ಅಂದರೆ ಒಂದು ಅಕ್ಷರ ಕೂರುವ ಜಾಗ) ಅಗಲದ ಅಂಕಣದಲ್ಲಿ ಇಡಬೇಕು ಅಂತಿಟ್ಟುಕೊಳ್ಳಿ. ಬರೀ ಅಕ್ಷರಗಳಾದರೆ ಪೈಥಾನ್ ಮೂರು ಖಾಲಿ ಜಾಗ ಸೇರಿಸಿ ಆರು ಮಾಡುತ್ತದೆ. ಅದಕ್ಕೆ ಮೊದಲೇ ಕೆಂಪು ಹಚ್ಚಿಬಿಟ್ಟರೆ ಲೆಕ್ಕ ಬೇರೆ. ಕೆಂಪಿನ ಅಪ್ಪಣೆಗೆ ಐದು ಅಕ್ಷರ, ರದ್ದು ಮಾಡುವ ಅಪ್ಪಣೆಗೆ ನಾಲ್ಕು, ನಮ್ಮ ಮೂರು, ಒಟ್ಟು ಹನ್ನೆರಡು. ಹನ್ನೆರಡು ಇದ್ದದ್ದಕ್ಕೆ ಆರರ ಅಗಲ ಯಾಕೆ ಬೇಕು ಅಂತ ಪೈಥಾನ್ ಒಂದು ಖಾಲಿ ಜಾಗವನ್ನೂ ಸೇರಿಸುವುದಿಲ್ಲ. ಪರದೆ ಮೇಲೆ ಕಾಣುವುದು ಮೂರೇ ಅಕ್ಷರ. ಹೀಗೆ ಬಣ್ಣ ಹಚ್ಚಿದ ಸಾಲು ಮಾತ್ರ ಎಡಕ್ಕೆ ಸರಿದು, ಉಳಿದವು ನೇರ ನಿಲ್ಲುತ್ತವೆ. ಆದ್ದರಿಂದ ಅಗಲ ಸರಿಮಾಡುವ ಫಂಕ್ಷನ್ ಬೇರೆ, ಬಣ್ಣ ಹಚ್ಚುವ ಫಂಕ್ಷನ್ ಬೇರೆ. ಮೊದಲನೆಯದು ಖಾಲಿ ಜಾಗ ಸೇರಿಸಿ ಕೊಟ್ಟದ್ದನ್ನು ಎರಡನೆಯದು ಬಣ್ಣದಲ್ಲಿ ಸುತ್ತುತ್ತದೆ. ಬಣ್ಣ ಹತ್ತಿದ ಮೇಲೆ ಆ ಅಕ್ಷರಗಳನ್ನು ಯಾರೂ ಅಳೆಯುವ ಹಾಗಿಲ್ಲ. ಇಡೀ ಪ್ರೋಗ್ರಾಂನಲ್ಲಿ ನಾನು ಬಿಗಿಯಾಗಿ ಹಿಡಿದ ನಿಯಮ ಇದೊಂದೇ.

ಅಂಕಿಗಳಿಗೆ ಇಷ್ಟು ಸಾಕು. ಕನ್ನಡ ಹೆಸರಿಗೆ ಸಾಲದು.

ಟರ್ಮಿನಲ್ ಅಂದರೆ ಚೌಕುಳಿ. ಒಂದು ಮನೆಗೆ ಒಂದು ಅಕ್ಷರ ಅನ್ನುವುದು ಅದರ ಲೆಕ್ಕ. "ಆಲಮಟ್ಟಿ" ನಮ್ಮ ಕಣ್ಣಿಗೆ ನಾಲ್ಕು ಅಕ್ಷರ: ಆ, ಲ, ಮ, ಟ್ಟಿ. ಪೈಥಾನ್‌ಗೆ ಕೇಳಿದರೆ ಏಳು ಅನ್ನುತ್ತದೆ, ಯಾಕಂದ್ರೆ ಅದು ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ನಂಬರ್ ಕೊಡುವ ಪದ್ಧತಿ) ಸಂಕೇತಗಳನ್ನು ಎಣಿಸುತ್ತದೆ: ಆ, ಲ, ಮ, ಟ, ಅದನ್ನು ಅರ್ಧಾಕ್ಷರ ಮಾಡುವ ಹಲಂತ ಚಿಹ್ನೆ, ಮತ್ತೊಂದು ಟ, ಗುಡಿಸು. ಟರ್ಮಿನಲ್‌ಗೆ ಮೂರನೆಯದೇ ಒಂದು ಲೆಕ್ಕ. ಹಲಂತ ಚಿಹ್ನೆಗೂ ಗುಡಿಸಿಗೂ ಜಾಗ ಬೇಡ, ಎರಡು ಟ-ಗೆ ಎರಡು ಮನೆ, ಹಾಗಾಗಿ ಐದು. ಒಂದೇ ಹೆಸರು, ಮೂರು ಅಳತೆ.

ಇಷ್ಟಕ್ಕೇ ನಿಲ್ಲುವುದಿಲ್ಲ. ಯೂನಿಕೋಡ್‌ನಲ್ಲಿ ನಮ್ಮ ಸ್ವರ ಚಿಹ್ನೆಗಳು ಎರಡು ಗುಂಪಾಗಿವೆ. ಗುಡಿಸು ಮತ್ತು ಎತ್ವ ಜಾಗ ಹಿಡಿಯದ ಗುಂಪಿನಲ್ಲಿವೆ. ದೀರ್ಘದ ಇಳಿ, ಕೊಂಬು ಮುಂತಾದವು ಜಾಗ ಹಿಡಿಯುವ ಗುಂಪಿನಲ್ಲಿ. ಈ ಎರಡನೇ ಗುಂಪಿಗೆ ಒಂದು ಮನೆ ಕೊಡಬೇಕೋ ಸೊನ್ನೆಯೋ ಅನ್ನುವುದರಲ್ಲಿ ಒಂದೊಂದು ಸಾಫ್ಟ್‌ವೇರ್‌ದು ಒಂದೊಂದು ಉತ್ತರ. "ನಾರಾಯಣಪುರ"ದಲ್ಲಿ ಅಂಥವು ಮೂರಿವೆ. ಒಂದು ಕಡೆ ಅದು ಒಂಬತ್ತು ಮನೆ, ಇನ್ನೊಂದು ಕಡೆ ಆರು. ಡಬ್ಲ್ಯೂಸಿವಿಡ್ತ್ ಅನ್ನುವ ಪೈಥಾನ್ ಪ್ಯಾಕೇಜ್ ಈ ಅಗಲ ಅಳೆಯಲೆಂದೇ ಇದೆ. ಅದರದೇ ಹಳೇ ಆವೃತ್ತಿಗೂ ಹೊಸದಕ್ಕೂ ಕನ್ನಡದ ವಿಷಯದಲ್ಲಿ ಲೆಕ್ಕ ಬದಲಾಗಿದೆ. ಪ್ಯಾಕೇಜ್ ಒಂದು ಹೇಳಿ ಟರ್ಮಿನಲ್ ಇನ್ನೊಂದು ಮಾಡಿದರೆ ಟೇಬಲ್ ಸೊಟ್ಟ ನಿಲ್ಲುತ್ತದೆ, ಮತ್ತು ಅದು ಎರಡರ ತಪ್ಪೂ ಅಲ್ಲ. ಚೌಕುಳಿಯ ನಿಯಮ ಮಾಡುವಾಗ ಒತ್ತಕ್ಷರದ ಯೋಚನೆ ಯಾರಿಗೂ ಇರಲಿಲ್ಲ, ಅಷ್ಟೇ.

ದಾರಿ ಎರಡಿವೆ. ಒಂದು, ಖಾಲಿ ಜಾಗ ಸೇರಿಸುವುದನ್ನೇ ಬಿಟ್ಟು ಕರ್ಸರ್‌ಗೆ "20ನೇ ಕಾಲಂಗೆ ಹೋಗು" ಅಂತ ಹೇಳುವುದು. ಎಸ್ಕೇಪ್, [, 20, ದೊಡ್ಡ ಜಿ. ಹೆಸರು ಎಷ್ಟೇ ಮನೆ ತಿಂದಿರಲಿ, ಮುಂದಿನ ಅಂಕಣ 20ರಿಂದಲೇ ಶುರುವಾಗುತ್ತದೆ. ಪರದೆ ಮೇಲೆ ಇದು ಚೆನ್ನಾಗಿ ಕೂರುತ್ತದೆ. ಆದರೆ ಫೈಲ್‌ಗೆ ಬರೆದರೆ ಅಲ್ಲಿ ಕರ್ಸರೂ ಇಲ್ಲ, ಕಾಲಮೂ ಇಲ್ಲ. ಎರಡನೆಯದು ಬಹಳ ಸಾದಾ ಉಪಾಯ: ಕನ್ನಡ ಹೆಸರನ್ನು ಸಾಲಿನ ಕೊನೆಗೆ ಹಾಕುವುದು. ಅದರ ಬಲಕ್ಕೆ ಏನೂ ಇಲ್ಲ ಅಂದಮೇಲೆ ಅದು ಎಷ್ಟು ಅಗಲ ಆದರೆ ಯಾರಿಗೇನು? ನಾನು ಇದನ್ನೇ ಇಟ್ಟುಕೊಂಡೆ. ಹೆಸರು ಮೊದಲು ಓದುವ ರೂಢಿ ಇದ್ದವರಿಗೆ ಒಂಚೂರು ವಿಚಿತ್ರ ಅನಿಸಬಹುದು. ನಮ್ಮ ಅಂಗಡಿಗೆ ಬಂದ ಯಾರೂ ಆ ಮಾತು ಎತ್ತಿಲ್ಲ. ಎಡದಿಂದ ಶೇಕಡಾ, ಮಟ್ಟ ತೋರಿಸುವ ಪಟ್ಟಿ, ಇವತ್ತಿನ ಟಿಎಂಸಿ, ನಿನ್ನೆಗಿಂತ ಏರಿಕೆ ಇಳಿಕೆ, ಹೆಸರು:

78% ███████████████▌░░░░  96.00 ▲1.80 ಆಲಮಟ್ಟಿ
80% ████████████████░░░░  26.65 ▼0.30 ನಾರಾಯಣಪುರ
90% ██████████████████░░  45.90 ▲0.40 ಹಿಡಕಲ್
30% ██████░░░░░░░░░░░░░░  11.32 ▼0.05 ಮಲಪ್ರಭಾ

ಅಂಕಿಗಳನ್ನು ೧, ೨ ಅಂತ ಕನ್ನಡದಲ್ಲೇ ಹಾಕೋಣ ಅನಿಸುವುದು ಸಹಜ. ಆದರೆ ಟರ್ಮಿನಲ್‌ನ ಸಮ ಅಗಲದ ಫಾಂಟ್‌ನಲ್ಲಿ ಸಾಮಾನ್ಯವಾಗಿ ಕನ್ನಡ ಇರುವುದಿಲ್ಲ. ಕನ್ನಡಕ್ಕೆ ಅದು ಬೇರೆ ಫಾಂಟ್‌ನಿಂದ ಎರವಲು ತರುತ್ತದೆ. ಎರವಲು ಬಂದ ಅಂಕಿ ತನ್ನ ಮನೆಯೊಳಗೆ ಕೂರದೆ ಪಕ್ಕದ ಮನೆಗೆ ಕೈ ಚಾಚುತ್ತದೆ. ಅಂಕಿಗಳು ಸೊಟ್ಟ ಆದರೆ ಟೇಬಲ್‌ಗೆ ಅರ್ಥವೇ ಇಲ್ಲ.

ಇನ್ನೊಂದು ಮಾತು: ಎಕ್ಸ್‌ಟರ್ಮ್‌ನಂಥ ಹಳೇ ಟರ್ಮಿನಲ್‌ಗಳಿಗೆ ಒತ್ತಕ್ಷರ ಕೂಡಿಸಲು ಬರುವುದಿಲ್ಲ. ಟ್ಟಿ ಅನ್ನುವುದು ಬಿಡಿಬಿಡಿಯಾಗಿ ಬೀಳುತ್ತದೆ. ಕಾನ್ಸೋಲ್, ಎಂಎಲ್‌ಟರ್ಮ್ ಅನ್ನುವ ಟರ್ಮಿನಲ್‌ಗಳು ಪರವಾಗಿಲ್ಲ. ಕೂಡಿಸಲು ಬರುವ ಟರ್ಮಿನಲ್‌ನಲ್ಲೂ ಒತ್ತಕ್ಷರವನ್ನು ನಾವೇ ಒಡೆಯಬಹುದು. ಹೆಸರಿನ ಅರ್ಧಕ್ಕೆ ಬಣ್ಣ ಹಚ್ಚುವಾಗ ಬಣ್ಣದ ಅಪ್ಪಣೆ ಟ್ ಮತ್ತು ಟಿ ನಡುವೆ ಹೋಗಿ ಕೂತರೆ ಮುಗೀತು, ಟ್ಟಿ ಎರಡು ತುಂಡು. ಅದಕ್ಕೇ ಹೆಸರಿಗೆ ಬಣ್ಣ ಹಚ್ಚಿದರೆ ಪೂರ್ತಿ ಹೆಸರಿಗೇ ಹಚ್ಚುತ್ತೇನೆ.

ಪಟ್ಟಿಯ ಕೆಲಸ ಮಜಾ ಕೊಟ್ಟಿತು. ಇಪ್ಪತ್ತು ಮನೆಗಳ ಪಟ್ಟಿಯಲ್ಲಿ ಒಂದು ಮನೆ ಅಂದರೆ ಶೇಕಡಾ 5. ಆಲಮಟ್ಟಿಗೆ ಅದು ಆರು ಟಿಎಂಸಿಗಿಂತ ಜಾಸ್ತಿ ಆಗುತ್ತದೆ. ಒಂದು ದಿನದಲ್ಲಿ ಒಂದೆರಡು ಟಿಎಂಸಿ ಬಂದರೆ ಪಟ್ಟಿ ಅಲ್ಲಾಡುವುದೇ ಇಲ್ಲ. ಆದರೆ ಯೂನಿಕೋಡ್‌ನಲ್ಲಿ ಒಂದು ಮನೆಯನ್ನು ಎಂಟು ಪಾಲು ಮಾಡಿದ ಕಟ್ಟೆಗಳಿವೆ: ▏▎▍▌▋▊▉█. ಇಪ್ಪತ್ತು ಮನೆಗೆ ಎಂಟೆಂಟು ಪಾಲು, ಒಟ್ಟು 160 ಮೆಟ್ಟಿಲು. ಮೇಲಿನ ಆಲಮಟ್ಟಿ ಸಾಲು ನೋಡಿ. ಶೇಕಡಾ 78 ಅಂದರೆ 15.6 ಮನೆ. ಹದಿನೈದು ಪೂರ್ತಿ, ಉಳಿದ 0.6ಕ್ಕೆ ಎಂಟರಲ್ಲಿ ನಾಲ್ಕು ಪಾಲು, ಅಂದರೆ ಅರ್ಧ ಕಟ್ಟೆ. ಈಗ ಆಲಮಟ್ಟಿಯಲ್ಲಿ ಒಂದು ಟಿಎಂಸಿ ಏರಿದರೂ ಪಟ್ಟಿಯ ತುದಿ ಸರಿಯುತ್ತದೆ.

ಇನ್ನು ಬಣ್ಣ. ಯಾವುದಕ್ಕೆ ಯಾವ ಬಣ್ಣ ಅನ್ನುವುದು ಕಂಪ್ಯೂಟರ್‌ನ ಪ್ರಶ್ನೆಯೇ ಅಲ್ಲ ಅಂತ ಗೊತ್ತಾಗಿದ್ದು ನಮ್ಮ ಮಾಮಾ ಬಂದ ದಿನ. ಅವರ ಹೊಲ ಬೀಳಗಿ ತಾಲೂಕಿನಲ್ಲಿ ಹೊಳೆದಂಡೆಗೆ. ಆಗ ಎಲ್ಲ ಡ್ಯಾಂಗೂ ಒಂದೇ ನಿಯಮ ಇತ್ತು: ನೀರು ಕಡಿಮೆ ಆದರೆ ಕೆಂಪು, ತುಂಬಿದರೆ ಹಸಿರು. ಆಲಮಟ್ಟಿ ಪಟ್ಟಿ ಹಸಿರಾಗಿ ಹೊಳೆಯುತ್ತಿತ್ತು. ಮಾಮಾ ಕನ್ನಡಕ ಏರಿಸಿ ನೋಡಿದರು.

"ಏ ಅಳಿಯಾ, ಇದೇನ್ ಹಸರ ಹಚ್ಚೀಯೋ? ಹಿನ್ನೀರ್ ಏರಾಕತ್ತೇತಿ, ನಾಳೆ ಮೋಟರ್ ಮ್ಯಾಲ್ ತರಬೇಕ್ ನಾ."

"ಡ್ಯಾಂ ತುಂಬಿದ್ರ ಛಲೋ ಅಲ್ರಿ ಮಾಮಾ?"

"ಕಾಲುವಿ ನೀರ್ ತಗೊಳ್ಳಾವ್ರಿಗ್ ಛಲೋ. ನಂಗೇನ್ ಛಲೋ?"

ಮಾಮಾ ಹೇಳಿದ್ದು ಸರಿ. ಮಲಪ್ರಭಾ ಬತ್ತಿದರೆ ನರಗುಂದ, ನವಲಗುಂದದ ರೈತರಿಗೂ ಚಿಂತೆ, ಹುಬ್ಬಳ್ಳಿ-ಧಾರವಾಡದ ಕುಡಿಯುವ ನೀರಿಗೂ ಚಿಂತೆ. ಆಲಮಟ್ಟಿ ಮೇಲಿನ ದಂಡೆಯವರಿಗೆ ಅದು ತುಂಬುವುದೇ ಚಿಂತೆ. ಒಂದೇ ಶೇಕಡಾ 90, ಒಂದು ಕಡೆ ಹಸಿರು, ಇನ್ನೊಂದು ಕಡೆ ಕೆಂಪು. ಫೈಲ್‌ನ ಕೊನೆಯ ಎರಡು ಅಂಕಣ ಬಂದಿದ್ದು ಹೀಗೆ. "ತುಂಬಿದರೆ,90" ಅಂದರೆ 90 ದಾಟಿದರೆ ಕೆಂಪು. "ಬತ್ತಿದರೆ,25" ಅಂದರೆ 25ಕ್ಕಿಂತ ಇಳಿದರೆ ಕೆಂಪು. ಮಿತಿಗೆ ಇನ್ನೂ 15 ಇರುವಾಗಲೇ ಕಿತ್ತಳೆ. ಉಳಿದ ಹೊತ್ತು ಯಾವ ಬಣ್ಣವೂ ಇಲ್ಲ. ಹಸಿರನ್ನು ತೆಗೆದೇ ಹಾಕಿದೆ. ಎಲ್ಲ ಸರಿ ಇದೆ ಅಂತ ಹೇಳಲು ಬಣ್ಣ ಯಾಕೆ ಬೇಕು? ನಾಲ್ಕು ಸಾಲಿಗೂ ಬಣ್ಣ ಇದ್ದರೆ ಕಣ್ಣು ಯಾವುದರ ಮೇಲೂ ನಿಲ್ಲುವುದಿಲ್ಲ. ಮೇಲಿನ ಪರೀಕ್ಷೆ ಟೇಬಲ್‌ನಲ್ಲಿ ಆಲಮಟ್ಟಿ ಮತ್ತು ಮಲಪ್ರಭಾ ಕಿತ್ತಳೆ, ಉಳಿದೆರಡು ಸಾದಾ.

ಏರಿಕೆ ಇಳಿಕೆಗೆ ▲ ▼ ಗುರುತು ಇಟ್ಟಿದ್ದೂ ಇದಕ್ಕೇ. ಕೆಂಪು ಹಸಿರು ಬೇರೆ ಬೇರೆ ಕಾಣದ ಕಣ್ಣುಗಳಿವೆ. ಬಣ್ಣ ಅಳಿಸಿದರೂ ಸುದ್ದಿ ಉಳಿಯಬೇಕು.

ಕಿತ್ತಳೆ ಅಂದೆನಲ್ಲ, ಮೂಲ ಎಂಟು ಬಣ್ಣಗಳಲ್ಲಿ ಅದಿಲ್ಲ. 33 ಅಂದರೆ ಹಳದಿ, ಕಪ್ಪು ಪರದೆಯಲ್ಲಿ ಚೆನ್ನಾಗಿ ಕಾಣುತ್ತದೆ. ಬಿಳಿ ಹಿನ್ನೆಲೆ ಇಟ್ಟುಕೊಂಡವರಿಗೆ ಅದು ಕಾಣುವುದೇ ಇಲ್ಲ. ಜೊತೆಗೆ ಈ ಎಂಟು ಬಣ್ಣಗಳ ನಿಜವಾದ ಛಾಯೆಯನ್ನು ತೀರ್ಮಾನ ಮಾಡುವುದು ಟರ್ಮಿನಲ್‌ನ ಥೀಮ್, ನಾವಲ್ಲ. ಅದಕ್ಕೆ 256 ಬಣ್ಣದ ಪಟ್ಟಿಗೆ ಹೋದೆ. ಅಲ್ಲಿ ಅಪ್ಪಣೆ 38;5; ಆಮೇಲೆ ಬಣ್ಣದ ನಂಬರ್. ಮೊದಲ 16 ಹಳೇ ಬಣ್ಣಗಳೇ. 16ರಿಂದ 231ರವರೆಗೆ ಕೆಂಪು, ಹಸಿರು, ನೀಲಿ ಒಂದೊಂದಕ್ಕೆ ಆರು ಮೆಟ್ಟಿಲಿನ ಘನ. 232ರಿಂದ 255 ಬೂದು. ಘನದಲ್ಲಿ ನಂಬರ್ ಹುಡುಕಲು ಬಾಯಿಲೆಕ್ಕ ಸಾಕು: ಕೆಂಪಿನ ಮೆಟ್ಟಿಲನ್ನು 36ರಿಂದ, ಹಸಿರಿನದನ್ನು 6ರಿಂದ ಗುಣಿಸಿ, ನೀಲಿಯದನ್ನು ಹಾಗೇ ಕೂಡಿಸಿ, ಕೊನೆಗೆ 16 ಸೇರಿಸಿ. ಕೆಂಪು 4, ಹಸಿರು 1, ನೀಲಿ 0 ಅಂದರೆ 144, 6, 16 ಕೂಡಿ 166. ಈ ಕಿತ್ತಳೆ ಕಪ್ಪಿನ ಮೇಲೂ ಬಿಳಿಯ ಮೇಲೂ ಓದಲು ಬರುತ್ತದೆ.

ಹಿನ್ನೆಲೆಗೆ ಬಣ್ಣ ಹಚ್ಚುವ ಆಸೆ ಬೇಡ. ಸಾಲು ಮುಗಿಯುವ ಮೊದಲು ರದ್ದು ಮಾಡದೆ ಮುಂದಿನ ಸಾಲಿಗೆ ಹೋದರೆ, ಪರದೆ ಮೇಲಕ್ಕೆ ಸರಿದಾಗ ಹೊಸ ಸಾಲು ತುದಿಯವರೆಗೂ ಅದೇ ಬಣ್ಣ ಬಳಿದುಕೊಳ್ಳುತ್ತದೆ. ಅಕ್ಷರದ ಬಣ್ಣಕ್ಕೂ ಅಷ್ಟೇ, ಪ್ರತಿ ಸಾಲಿನ ಕೊನೆಗೆ 0 ಹೋಗಲೇಬೇಕು. ಕಂಟ್ರೋಲ್-ಸಿ ಒತ್ತಿ ನಡುವೆ ನಿಲ್ಲಿಸಿದರೂ 0 ಹೋಗುವಂತೆ ಏನೇ ಆದರೂ ಕೊನೆಗೆ ಓಡುವ ಪೈಥಾನ್‌ನ ಫೈನಲಿ ಭಾಗದಲ್ಲಿ ಬರೆದಿದ್ದೇನೆ. ಇಲ್ಲದಿದ್ದರೆ ಆಮೇಲೆ ಟೈಪ್ ಮಾಡಿದ್ದೆಲ್ಲ ಕೆಂಪು.

ಪರದೆ ಹೊಸದಾಗುವುದು ನಿಮಿಷಕ್ಕೊಮ್ಮೆ. ಒಂದು ಪ್ರೋಗ್ರಾಂ ಅನ್ನು ಮತ್ತೆ ಮತ್ತೆ ಓಡಿಸುವ ವಾಚ್ ಕಮಾಂಡ್ ಬಳಸಬಹುದು, ಅದಕ್ಕೆ ಮೈನಸ್ ಸಿ ಕೊಟ್ಟರೆ ಬಣ್ಣವನ್ನೂ ತೋರಿಸುತ್ತದೆ. ನಾನು ಒಂದು ಲೂಪ್ ಬರೆದುಕೊಂಡೆ. ಇಡೀ ಪರದೆ ಅಳಿಸಿ ಮತ್ತೆ ಬರೆದರೆ ಹಳೇ ಯಂತ್ರದಲ್ಲಿ ಮಿನುಗುತ್ತದೆ. ಅಳಿಸುವ ಬದಲು ಎಸ್ಕೇಪ್, [, ದೊಡ್ಡ ಎಚ್ ಕಳಿಸಿ ಕರ್ಸರನ್ನು ಮೇಲಿನ ಮೂಲೆಗೆ ಒಯ್ದು, ಹಳೆಯದರ ಮೇಲೇ ಬರೆಯಬೇಕು. ಪ್ರತಿ ಸಾಲಿನ ಕೊನೆಗೆ ಎಸ್ಕೇಪ್, [, ದೊಡ್ಡ ಕೆ ಕಳಿಸಿದರೆ ಬಲಗಡೆ ಉಳಿದ ಕಸ ಹೋಗುತ್ತದೆ. ಇಷ್ಟು ಮಾಡಿದರೆ ಬದಲಾದ ಅಂಕಿ ಮಾತ್ರ ಬದಲಾದಂತೆ ಕಾಣುತ್ತದೆ.

ಇದನ್ನು ಪರದೆ ಬಿಟ್ಟು ಬೇರೆ ಕಡೆ ಕಳಿಸುವುದೂ ಇದೆ. ಫೈಲ್‌ಗೆ ಬರೆದು ತೆರೆದರೆ ಬಣ್ಣದ ಬದಲು [31 ಅಂತ ಕಸ ಕಾಣುತ್ತದೆ, ಅಲ್ವಾ? ಅದಕ್ಕೆ ಪ್ರೋಗ್ರಾಂ ಶುರುವಾದ ಕೂಡಲೇ ತನ್ನ ಮುಂದಿರುವುದು ನಿಜವಾದ ಟರ್ಮಿನಲ್ಲೋ ಅಲ್ಲವೋ ಅಂತ ವಿಚಾರಿಸುತ್ತದೆ. ಪೈಥಾನ್‌ನಲ್ಲಿ ಅದಕ್ಕೆ ಐಎಸ್‌ಎಟಿಟಿವೈ ಅನ್ನುವ ಫಂಕ್ಷನ್ ಇದೆ. ಟರ್ಮಿನಲ್ ಅಲ್ಲದಿದ್ದರೆ ಬಣ್ಣ ಹಚ್ಚುವ ಫಂಕ್ಷನ್ ಕೊಟ್ಟದ್ದನ್ನು ಹಾಗೇ ವಾಪಸ್ ಕೊಡುತ್ತದೆ. ಅಳತೆ, ಬಣ್ಣ ಬೇರೆ ಬೇರೆ ಇರುವುದರಿಂದ ಬಣ್ಣ ಹೋದರೂ ಅಂಕಣ ಕದಲುವುದಿಲ್ಲ. ನೋ ಕಲರ್ ಅನ್ನುವ ಎನ್ವಿರಾನ್ಮೆಂಟ್ ವೇರಿಯಬಲ್ (ಪ್ರೋಗ್ರಾಂಗಳು ಓದಿಕೊಳ್ಳುವ ಒಂದು ಸೆಟ್ಟಿಂಗ್) ಇದ್ದರೂ ಬಣ್ಣ ಬಿಡುತ್ತದೆ. ಬಣ್ಣ ಬೇಡ ಅನ್ನುವವರ ಮಾತು ಕೇಳಲು 2017ರಿಂದ ಬಹಳ ಪ್ರೋಗ್ರಾಂಗಳು ಒಪ್ಪಿಕೊಂಡ ಪದ್ಧತಿ ಇದು. ಪುಟಪುಟವಾಗಿ ತೋರಿಸುವ ಲೆಸ್ ಪ್ರೋಗ್ರಾಂಗೆ ಕಳಿಸಿ ಬಣ್ಣದಲ್ಲೇ ನೋಡಬೇಕು ಅನ್ನುವವರಿಗೆ "ಯಾವಾಗಲೂ ಬಣ್ಣ" ಅನ್ನುವ ಆಯ್ಕೆ ಬೇರೆ ಇದೆ. ಆಗ ಲೆಸ್‌ಗೆ ದೊಡ್ಡ ಆರ್ ಕೊಡಬೇಕು. ವಿಂಡೋಸ್ 10ರ ಕಮಾಂಡ್ ಪ್ರಾಂಪ್ಟ್‌ಗೆ ಈ ಅಪ್ಪಣೆಗಳು ಅರ್ಥವಾಗುತ್ತವೆ, ಆದರೆ ಆ ಸೌಲಭ್ಯವನ್ನು ಪ್ರೋಗ್ರಾಂ ಮೊದಲು ಆನ್ ಮಾಡಬೇಕು.

ನಮ್ಮ ಕಡೆ ಇದು ಕೊನೆಗೆ ಹೋಗುವುದು ವಾಟ್ಸ್ಯಾಪ್ ಗ್ರೂಪಿಗೆ. ಅಲ್ಲಿ ಬಣ್ಣದ ಮಾತೇ ಇಲ್ಲ. ಫಾಂಟ್ ಸಮ ಅಗಲದ್ದಲ್ಲ, ಹಾಗಾಗಿ ಅಂಕಣವೂ ಹೋಯಿತು. ಮೆಸೇಜ್‌ನ ಹಿಂದೆ ಮುಂದೆ ಮೂರು ಮೂರು ` ಹಾಕಿದರೆ ಸಮ ಅಗಲದ ಫಾಂಟ್ ಬರುತ್ತದೆ. ಪ್ರೋಗ್ರಾಂಗೆ "ಕಳಿಸು" ಅಂತ ಹೇಳಿದರೆ ಅದನ್ನು ತಾನೇ ಹಾಕಿ, ಪಟ್ಟಿಯನ್ನು ಹತ್ತು ಮನೆಗೆ ಇಳಿಸುತ್ತದೆ. ಇಪ್ಪತ್ತು ಮನೆ ಇದ್ದರೆ ಸಣ್ಣ ಮೊಬೈಲ್‌ನಲ್ಲಿ ಸಾಲು ಮುರಿಯುತ್ತದೆ. ಬಣ್ಣ ಇಲ್ಲದ ಕಡೆ ಕೆಂಪಿನ ಬದಲು ಸಾಲಿನ ಮುಂದೆ ಒಂದು ! ಬರುತ್ತದೆ.

ಮಾಮಾನ ಇನ್ನೊಂದು ಬೇಡಿಕೆ ಮಹಾರಾಷ್ಟ್ರದ ಕೊಯ್ನಾ ಡ್ಯಾಂ. ಅಲ್ಲಿಂದ ಬಿಟ್ಟ ನೀರು ಕೃಷ್ಣೆಗೆ ಬರುತ್ತದೆ, ಅದನ್ನೂ ತೋರಿಸು ಅಂದರು. ಸಾಮರ್ಥ್ಯ 105.25 ಟಿಎಂಸಿ, ನಿಯಮ "ತುಂಬಿದರೆ,90". ಸಾಲು ಸೇರಿಸಿದ ಮೇಲೆ ಹೆಸರು ಕೊಟ್ಟು ಹುಡುಕಿದರೆ ಒಮ್ಮೆ ಸಿಗುತ್ತದೆ, ಒಮ್ಮೆ ಇಲ್ಲ. "ಕೊ" ಅಕ್ಷರದ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಎರಡನ್ನೂ ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಪೈಥಾನ್‌ಗೆ ಬೇರೆ ಬೇರೆ. ಓದುವಾಗಲೇ ಹೆಸರುಗಳನ್ನೆಲ್ಲ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಒಂದೇ ಸಂಕೇತದ ಬಗೆಗೆ, ತರುವ ಒಂದು ಸಾಲು ಹಾಕಿದ ಮೇಲೆ ಆ ತಕರಾರು ನಿಂತಿತು. ಅಂಕಣಗಳಿಗೆ ಇದರಿಂದ ಏನೂ ಆಗಿಲ್ಲ, ಕೊಯ್ನಾ ಹೆಸರೂ ಸಾಲಿನ ಕೊನೆಗೇ ಇದೆ. ಈಗ ಗ್ರೂಪಿನಲ್ಲಿ ಹಿಪ್ಪರಗಿ ಬ್ಯಾರೇಜನ್ನೂ ಹಾಕು ಅನ್ನುವ ಒತ್ತಾಯ ಶುರುವಾಗಿದೆ. ಬ್ಯಾರೇಜ್‌ಗೆ ಶೇಕಡಾ ಲೆಕ್ಕಕ್ಕಿಂತ ಹೊರಹರಿವಿನ ಕ್ಯೂಸೆಕ್ಸ್ ಮುಖ್ಯ, ಹಾಗಾಗಿ ಅದಕ್ಕೆ ಬೇರೆಯೇ ಒಂದು ಅಂಕಣ ಬೇಕಾಗುತ್ತದೆ.